ಬಾಲ್ಯದ ಸೂಪರ್‌ಹೀರೋ ಗೊಂಬೆ ಹುಡುಕುವವರಿಗೆ: ಮೀಗೋನಾ, ಸೂಪರ್ ಪವರ್ಸಾ, ಸೀಕ್ರೆಟ್ ವಾರ್ಸಾ?

1986ರಲ್ಲಿ ಅಮೆರಿಕದಿಂದ ಬಂದ ನಮ್ಮ ಮಾವ ನನಗೆ ಎರಡು ಗೊಂಬೆ ತಂದುಕೊಟ್ಟರು. ಒಂದು ಬ್ಯಾಟ್‌ಮನ್, ಇನ್ನೊಂದು ರಾಬಿನ್. ಬ್ಯಾಟ್‌ಮನ್‌ನ ಎರಡು ಕಾಲು ಸೇರಿಸಿ ಅದುಮಿದರೆ ಅವನು ಕೈ ಬೀಸಿ ಗುದ್ದುತ್ತಿದ್ದ. ಮೈಸೂರಿನ ನಮ್ಮ ಬೀದಿಯಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಆ ವರ್ಷ ದಸರಾದಲ್ಲಿ ಅಜ್ಜಿ ಪಟ್ಟದ ಗೊಂಬೆ ಕೂರಿಸಿದಾಗ ಕೊನೆಯ ಮೆಟ್ಟಿಲಲ್ಲಿ, ಶೆಟ್ಟರ ಅಂಗಡಿ ಗೊಂಬೆಯ ಪಕ್ಕದಲ್ಲೇ, ಇವರಿಬ್ಬರಿಗೂ ಜಾಗ ಕೊಟ್ಟಿದ್ದರು. ಮುಂದಿನ ದಸರಾ ಬರುವಷ್ಟರಲ್ಲಿ ರಾಬಿನ್‌ನ ಹಳದಿ ಕೇಪ್ ಕಳೆದುಹೋಗಿತ್ತು.

ಬೆನ್ನ ಮೇಲೆ ಜೋಲುವ ಆ ಕೇಪ್ ಹುಡುಕಲು ಹೊರಟೇ ನಾನು ಹಳೆಯ ಸೂಪರ್‌ಹೀರೋ ಗೊಂಬೆ ಕೂಡಿಸುವ ಈ ಹವ್ಯಾಸಕ್ಕೆ ಬಿದ್ದದ್ದು. ಹುಡುಕುತ್ತಾ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ಗೊಂಬೆ ಅಪರೂಪ ಅಲ್ಲ. ಅದರ ಕೇಪ್, ಗುರಾಣಿ, ಉಗುರು, ಕೊಡೆ, ಕೈಗವಸು, ಇವು ಅಪರೂಪ. ಮಕ್ಕಳು ಗೊಂಬೆಯನ್ನು ಉಳಿಸಿಕೊಂಡಿದ್ದಾರೆ, ಚಿಕ್ಕ ಭಾಗಗಳನ್ನು ಚರಂಡಿಗೆ, ಸೋಫಾ ಸಂದಿಗೆ, ಕಸದ ಬುಟ್ಟಿಗೆ ಕಳಿಸಿದ್ದಾರೆ. ಹಾಗಾಗಿ ಯಾವ ಕಂಪನಿಯ ಯಾವ ಸರಣಿ ಕೊಳ್ಳಬೇಕು ಅನ್ನುವ ಪ್ರಶ್ನೆಯನ್ನು ನಾನು ಯಾವಾಗಲೂ ಹೀಗೆ ಕೇಳಿಕೊಳ್ಳುತ್ತೇನೆ: ಇದರಲ್ಲಿ ಏನೇನು ಕಳೆದುಹೋಗುತ್ತದೆ, ಏನು ಹಾಳಾಗುತ್ತದೆ, ಅದನ್ನು ಮತ್ತೆ ಹೊಂದಿಸುವುದು ಎಷ್ಟು ಕಷ್ಟ?

ಈ ಗೊಂಬೆಗಳ ಸಂತೆ ಇರುವುದು ಮುಖ್ಯವಾಗಿ ಅಮೆರಿಕದಲ್ಲಿ. ಮಾಡಿಸಿದ್ದು ಅಲ್ಲಿನ ಕಂಪನಿಗಳು, ಅಚ್ಚು ಹೊಯ್ದದ್ದು ಹೆಚ್ಚಾಗಿ ಹಾಂಗ್‌ಕಾಂಗ್‌ನಲ್ಲಿ. 'ಆಕ್ಷನ್ ಫಿಗರ್' ಅನ್ನುವ ಹೆಸರೂ ಅಲ್ಲಿಯದೇ. 1964ರಲ್ಲಿ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನ ಗೊಂಬೆ ತಂದಾಗ, ಗೊಂಬೆ ಅಂದರೆ ಹುಡುಗರು ಮುಟ್ಟುವುದಿಲ್ಲ ಎಂದು ಈ ಹೆಸರಿಟ್ಟರು. ನಾನಂತೂ ಗೊಂಬೆ ಅಂತಲೇ ಕರೆಯುತ್ತೇನೆ. ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವರಿಗೆ ಆ ಮಾತಲ್ಲಿ ಕಡಿಮೆ ಏನೂ ಇಲ್ಲ.

ಮೀಗೋ: ಬಟ್ಟೆ ತೊಟ್ಟ ಎಂಟು ಇಂಚಿನವರು

1972ರಲ್ಲಿ ನ್ಯೂಯಾರ್ಕಿನ ಮೀಗೋ ಕಂಪನಿ ಬ್ಯಾಟ್‌ಮನ್, ರಾಬಿನ್, ಸೂಪರ್‌ಮ್ಯಾನ್, ಆಕ್ವಾಮ್ಯಾನ್ ಈ ನಾಲ್ವರಿಂದ ಶುರು ಮಾಡಿತು. ಸರಣಿಯ ಹೆಸರು ವರ್ಲ್ಡ್ಸ್ ಗ್ರೇಟೆಸ್ಟ್ ಸೂಪರ್ ಹೀರೋಸ್. ಆಮೇಲೆ ಸ್ಪೈಡರ್‌ಮ್ಯಾನ್, ಕ್ಯಾಪ್ಟನ್ ಅಮೆರಿಕ, ಹಲ್ಕ್ ಎಲ್ಲ ಬಂದರು. ಡಿಸಿ, ಮಾರ್ವೆಲ್ ಎಂಬ ಎರಡು ಕಾಮಿಕ್ಸ್ ಕಂಪನಿಗಳ ಹೀರೋಗಳು ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿ ನಿಂತಿದ್ದು ನೋಡಬೇಕು ಅಂದರೆ ಇದಕ್ಕಿಂತ ಚೆಂದದ ಸರಣಿ ಇಲ್ಲ. ಸೂಪರ್‌ಮ್ಯಾನ್ ಪಕ್ಕದಲ್ಲಿ ಸ್ಪೈಡರ್‌ಮ್ಯಾನ್ ನಿಲ್ಲಿಸಿದಾಗ ಆಗುವ ಖುಷಿಯೇ ಬೇರೆ.

ಮೀಗೋ ಮಾಡಿದ ಜಾಣತನ ಅಂದರೆ ಒಂದೇ ಮೈಯನ್ನು ಎಲ್ಲರಿಗೂ ಬಳಸಿದ್ದು. ತಲೆ ಬೇರೆ, ಬಟ್ಟೆ ಬೇರೆ, ಒಳಗಿನ ಮೈ ಹೆಚ್ಚುಕಡಿಮೆ ಒಂದೇ. ಅವರಿಗೆ ಖರ್ಚು ಉಳಿಯಿತು, ನಮಗೆ ಇವತ್ತು ತಲೆನೋವು ಉಳಿಯಿತು. ಯಾಕೆಂದರೆ ಯಾರ ತಲೆಯನ್ನು ಯಾರ ಮೈಗಾದರೂ ಕೂರಿಸಬಹುದು. ಮೊದಲಿನ ಮೈಗಳ ಕೈಕಾಲುಗಳನ್ನು ಒಳಗೆ ಎಲಾಸ್ಟಿಕ್ ಹಿಡಿದುಕೊಂಡಿರುತ್ತಿತ್ತು. ಆಮೇಲಿನವಕ್ಕೆ ಗಟ್ಟಿ ಕೀಲು ಬಂತು. ಐವತ್ತು ವರ್ಷದ ಎಲಾಸ್ಟಿಕ್ ಹೇಗಿರುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಗೊಂಬೆ ಕುಡಿದವನ ಹಾಗೆ ವಾಲುತ್ತದೆ. ಮೈ ಬಿಚ್ಚಿ ಹೊಸ ಎಲಾಸ್ಟಿಕ್ ಹಾಕಬಹುದು, ಒಂದು ಸಂಜೆಯ ಕೆಲಸ. ಕೆಲವಕ್ಕೆ ಮೊಣಕಾಲಿನ ಪಿನ್ ತುಕ್ಕು ಹಿಡಿಯುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಬಣ್ಣ ಕೆಡುತ್ತದೆ.

ಬೆನ್ನ ಮೇಲೆ ರೋಮನ್ ಅಂಕಿಯಲ್ಲಿ 1971 ಎಂದು ಒತ್ತಿರುತ್ತದೆ. ಅದನ್ನು ನೋಡಿ '1971ರ ಗೊಂಬೆ' ಎಂದು ಮಾರುವವರು ತುಂಬ ಜನ. ಅದು ಆ ಮೈಯ ವಿನ್ಯಾಸಕ್ಕೆ ಹಕ್ಕು ಪಡೆದ ವರ್ಷ, ಆ ಗೊಂಬೆ ಕಾರ್ಖಾನೆಯಿಂದ ಹೊರಬಂದ ವರ್ಷ ಅಲ್ಲ. ಎಪ್ಪತ್ತರ ದಶಕದ ಕೊನೆಯ ಗೊಂಬೆಗೂ ಅದೇ ಅಂಕಿ ಇರುತ್ತದೆ. ಅದಕ್ಕಾಗಿ ಒಂದು ಪೈಸೆಯೂ ಜಾಸ್ತಿ ಕೊಡಬೇಡಿ.

ನಿಜವಾಗಿ ಅಪರೂಪದವು ಕೆಲವು ಇವೆ. ಮೊದಲ ಬ್ಯಾಟ್‌ಮನ್‌ಗಳ ಮುಖವಾಡ ಬಿಚ್ಚಬಹುದಿತ್ತು. ಅದು ಬೇಗ ನಿಂತುಹೋಯಿತು, ಆಮೇಲೆ ಮುಖವಾಡವನ್ನು ತಲೆಗೇ ಸೇರಿಸಿ ಅಚ್ಚು ಹೊಯ್ದರು. ಇನ್ನು 1974ರಲ್ಲಿ ಮಾಂಟ್‌ಗಮರಿ ವಾರ್ಡ್ ಅನ್ನುವ ಅಂಗಡಿಯ ಕ್ಯಾಟಲಾಗ್‌ನಲ್ಲಿ ಮಾತ್ರ ಮಾರಿದ ನಾಲ್ವರು, ಅಂದರೆ ವೇಷ ತೊಡದ ಸೂಪರ್‌ಮ್ಯಾನ್, ಬ್ಯಾಟ್‌ಮನ್, ರಾಬಿನ್, ಸ್ಪೈಡರ್‌ಮ್ಯಾನ್: ಕ್ಲಾರ್ಕ್ ಕೆಂಟ್, ಬ್ರೂಸ್ ವೇಯ್ನ್, ಡಿಕ್ ಗ್ರೇಸನ್, ಪೀಟರ್ ಪಾರ್ಕರ್. ಯೋಚನೆ ಮಾಡಿ, ಕೋಟು ಪ್ಯಾಂಟು ಹಾಕಿದ ಮಾಮೂಲಿ ಮನುಷ್ಯನ ಗೊಂಬೆಯನ್ನು ಯಾವ ಹುಡುಗ ಬೇಕು ಅಂತ ಹಠ ಹಿಡಿಯುತ್ತಾನೆ? ಹಾಗಾಗಿ ಉಳಿದಿದ್ದೂ ಕಡಿಮೆ, ಬೆಲೆ ಗಗನಕ್ಕೆ. ಕಿಡ್ ಫ್ಲ್ಯಾಶ್, ಆಕ್ವಾಲ್ಯಾಡ್, ಸ್ಪೀಡಿ, ವಂಡರ್ ಗರ್ಲ್, ಟೀನ್ ಟೈಟನ್ಸ್ ಎಂಬ ಹದಿಹರೆಯದ ಹೀರೋಗಳ ತಂಡದ ಈ ನಾಲ್ವರದ್ದೂ ಅದೇ ಕಥೆ. ಇವರನ್ನು ಮೊದಲ ವರ್ಷವೇ ಹುಡುಕಲು ಹೋಗಬೇಡಿ. ಬೆಲೆ ಜಾಸ್ತಿ ಇರುವ ಕಡೆಯೇ ನಕಲಿಯೂ ಜಾಸ್ತಿ.

ನಾನು ಮೊದಲು ಕೊಂಡ ಮೀಗೋ ಬ್ಯಾಟ್‌ಮನ್‌ನ ಎರಡೂ ಕೈಗವಸು ಈಗಿನ ಕಾಲದವು. ಮಾರಿದವರು 'ಎಲ್ಲ ಒರಿಜಿನಲ್' ಎಂದೇ ಬರೆದಿದ್ದರು. ಆ ದಪ್ಪ ನೀಲಿ ಕೈಗವಸಿಗೆ ಅಲ್ಲಿನ ಸಂಗ್ರಹಕಾರರು ಅಡುಗೆಮನೆಯ ಓವನ್ ಕೈಗವಸು ಅಂತಲೇ ಹೆಸರಿಟ್ಟಿದ್ದಾರೆ, ನೋಡಿದರೆ ಹಾಗೇ ಇದೆ. ಮೀಗೋಗೆ ಬೂಟು, ಬೆಲ್ಟು, ಕೈಗವಸು, ಕೇಪು ಎಲ್ಲವನ್ನೂ ಇವತ್ತಿಗೂ ಹೊಸದಾಗಿ ಮಾಡುವವರಿದ್ದಾರೆ. ತುಂಬ ಚೆನ್ನಾಗಿಯೇ ಮಾಡುತ್ತಾರೆ. ಹೊಸದು ಎಂದು ಹೇಳಿ ಮಾರಿದರೆ ಅದು ಒಳ್ಳೆಯ ಕೆಲಸ, ಎಷ್ಟೋ ಬರಿಗೈ ಗೊಂಬೆಗಳಿಗೆ ಮರುಜೀವ ಕೊಟ್ಟಿದೆ. ಹೇಳದೆ ಮಾರಿದರೆ ಮೋಸ.

ಇನ್ನೊಂದು ಮಾತು. 1976ರಲ್ಲಿ ಸ್ಟಾರ್ ವಾರ್ಸ್ ಗೊಂಬೆಗಳ ಹಕ್ಕು ಮೀಗೋ ಬಾಗಿಲಿಗೇ ಬಂದಿತ್ತು, ಅವರು ಬೇಡ ಅಂದರು. ಅದನ್ನು ತೆಗೆದುಕೊಂಡ ಕೆನರ್ ಕಂಪನಿ ಬೆಳೆಯಿತು, ಮೀಗೋ 1983ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಮೀಗೋ ಹೆಸರು ಮತ್ತೆ ಬಂದಿದೆ, ಅದೇ ಎಂಟು ಇಂಚು, ಅದೇ ಬಟ್ಟೆ. ಪೆಟ್ಟಿಗೆ ಇಲ್ಲದೆ ಚಿತ್ರದಲ್ಲಿ ನೋಡಿದರೆ ಹೊಸಬರಿಗೆ ಗೊಂದಲ ಆಗುತ್ತದೆ. ಬೆನ್ನಿನ ಅಕ್ಷರಗಳ ಚಿತ್ರ ಕೇಳದೆ ಕೊಳ್ಳಬೇಡಿ.

ಸೂಪರ್ ಪವರ್ಸ್: ನನ್ನ ಮತ ಇದಕ್ಕೇ

ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಾವ ತಂದದ್ದು ಇದನ್ನೇ. ಆದರೂ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿದ ಮೇಲೂ ಹೇಳುತ್ತೇನೆ, ಮೊದಲ ಸಲ ಕೊಳ್ಳುವವರಿಗೆ ಕೆನರ್‌ನ ಸೂಪರ್ ಪವರ್ಸ್‌ಗಿಂತ ಒಳ್ಳೆಯ ಶುರು ಇಲ್ಲ.

ಕೆನರ್ ಅಮೆರಿಕದ ಸಿನ್ಸಿನಾಟಿ ಊರಿನ ಕಂಪನಿ ಆಗಿತ್ತು. 1984ರಿಂದ 1986ರವರೆಗೆ ಮೂರು ಕಂತಿನಲ್ಲಿ ಡಿಸಿ ಪಾತ್ರಗಳನ್ನು ಮಾಡಿತು. ಮೊದಲ ಕಂತಲ್ಲಿ 12, ಎರಡನೆಯದರಲ್ಲಿ 11, ಮೂರನೆಯದರಲ್ಲಿ 10. ಜೊತೆಗೆ ಅಂಗಡಿಯಲ್ಲಿ ಸಿಗದ ಒಬ್ಬ ಕ್ಲಾರ್ಕ್ ಕೆಂಟ್, ಕಾರ್ಡ್‌ಗಳಿಂದ (ಗೊಂಬೆ ಅಂಟಿಸಿ ಮಾರುವ ರಟ್ಟು) ಕೊಂಡದ್ದಕ್ಕೆ ಸಾಕ್ಷಿಯ ಚೀಟಿ ಕತ್ತರಿಸಿ ಅಂಚೆಯಲ್ಲಿ ಕಳಿಸಿದವರಿಗೆ ಮಾತ್ರ. ಒಟ್ಟು 34. ಈ ಸಂಖ್ಯೆ ನನಗೆ ತುಂಬ ಇಷ್ಟ. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಮುಗಿಸಬಹುದಾದ ಸಂಗ್ರಹ ಇದು.

ಇವರ ಎತ್ತರ ಐದು ಇಂಚಿಗೆ ಸ್ವಲ್ಪ ಕಡಿಮೆ. ಚಿತ್ರಕಾರ ಹೋಸೆ ಲೂಯಿಸ್ ಗಾರ್ಸಿಯಾ ಲೋಪೆಸ್ ಡಿಸಿಗಾಗಿ ಬರೆದ ಮಾದರಿ ಚಿತ್ರಗಳನ್ನು ಇಟ್ಟುಕೊಂಡು ಮಾಡಿದ್ದಕ್ಕೆ ಮುಖ, ಮೈಕಟ್ಟು ಎಲ್ಲ ಕಾಮಿಕ್ಸ್ ಪುಟದಿಂದ ಎದ್ದು ಬಂದ ಹಾಗಿವೆ. ಎರಡನೇ ಕಂತಿನಲ್ಲಿ ಬಂದ ಡಾರ್ಕ್‌ಸೈಡ್ ಎಂಬ ಖಳನ ಬಳಗವನ್ನು ಹುಟ್ಟಿಸಿದ ಜ್ಯಾಕ್ ಕರ್ಬಿಯೇ ಗೊಂಬೆಗಳಿಗಾಗಿ ಮತ್ತೆ ವಿನ್ಯಾಸ ಮಾಡಿಕೊಟ್ಟರು, ಅದರಿಂದ ಅವರಿಗೆ ಗೌರವಧನವೂ ಸಿಕ್ಕಿತು. ಜೀವನವೆಲ್ಲ ಪಾತ್ರ ಹುಟ್ಟಿಸಿ ಅವುಗಳ ಲಾಭದಲ್ಲಿ ಸರಿಯಾದ ಪಾಲು ಕಾಣದ ಒಬ್ಬ ಕಲಾವಿದನಿಗೆ ಒಂದು ಆಟಿಕೆಯಿಂದ ಪಾಲು ಸಿಕ್ಕಿತು ಅನ್ನುವುದು ನನಗೆ ಡಾರ್ಕ್‌ಸೈಡ್ ಗೊಂಬೆಯ ಮೇಲೆ ಬೇರೆ ಪ್ರೀತಿ ಹುಟ್ಟಿಸಿದೆ.

ಇನ್ನು ಆ ಅದುಮುವ ಆಟ. ಬ್ಯಾಟ್‌ಮನ್‌ನ ಕಾಲು ಅದುಮಿದರೆ ಕೈ ಗುದ್ದುತ್ತದೆ, ಫ್ಲ್ಯಾಶ್‌ನ ಕೈ ಅದುಮಿದರೆ ಕಾಲು ಓಡುತ್ತದೆ. ಕೊಳ್ಳುವಾಗ ಮೊದಲು ಕೇಳಬೇಕಾದ್ದು ಇದನ್ನೇ. ಒಳಗಿನ ಯಂತ್ರ ಕೆಟ್ಟಿದ್ದರೆ ಮೈ ಒಡೆಯದೆ ರಿಪೇರಿ ಮಾಡಲು ಆಗುವುದಿಲ್ಲ. ಮೀಗೋ ಹಾಗೆ ಬಿಚ್ಚಿ ಜೋಡಿಸುವ ಗೊಂಬೆ ಅಲ್ಲ ಇದು. ಮಾರುವವರು ಹತ್ತು ಸೆಕೆಂಡಿನ ವಿಡಿಯೋ ಕಳಿಸಿದರೆ ಸಾಕು, ಗೊತ್ತಾಗಿಬಿಡುತ್ತದೆ. ಕಳಿಸಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ, ಮತ್ತೊಂದು ಬರುತ್ತದೆ.

ಕಳೆದುಹೋಗುವ ಭಾಗಗಳು: ಬ್ಯಾಟ್‌ಮನ್, ರಾಬಿನ್, ಸೂಪರ್‌ಮ್ಯಾನ್ ಕೇಪ್, ಪೆಂಗ್ವಿನ್‌ನ ಕೊಡೆ, ಜೋಕರ್‌ನ ಸುತ್ತಿಗೆ, ಆಕ್ವಾಮ್ಯಾನ್‌ನ ತ್ರಿಶೂಲ, ಗ್ರೀನ್ ಲ್ಯಾಂಟರ್ನ್‌ನ ಲಾಟೀನು, ವಂಡರ್ ವುಮನ್‌ನ ಹಗ್ಗ. ಇಷ್ಟು ಇದ್ದರೆ ಆ ಗೊಂಬೆ 'ಕಂಪ್ಲೀಟ್'. ಮೊದಲೆರಡು ಕಂತಿನ ಜೊತೆ ಒಂದು ಪುಟ್ಟ ಕಾಮಿಕ್ಸ್ ಪುಸ್ತಕವೂ ಬರುತ್ತಿತ್ತು, ಅದು ಇದ್ದರೆ ಸಂತೋಷ, ಇಲ್ಲದಿದ್ದರೂ ಅಡ್ಡಿಯಿಲ್ಲ.

ಮೂರನೇ ಕಂತು ಬರುವ ಹೊತ್ತಿಗೆ ಅಂಗಡಿಗಳಿಗೆ ಆಸಕ್ತಿ ಇಳಿದಿತ್ತು. ಹಾಗಾಗಿ ಸೈಬಾರ್ಗ್, ಮಿಸ್ಟರ್ ಮಿರಾಕಲ್ ಇಂಥವರು ಇವತ್ತು ದುಬಾರಿ. ಸೈಬಾರ್ಗ್‌ಗೆ ಬೇರೆ ಬೇರೆ ಕೈತುದಿಗಳು ಬೇರೆ, ಅವು ಎಲ್ಲಿವೆಯೋ. ಮೊದಲ ಕಂತಿನ ಹನ್ನೆರಡು ಜನ ಮಾತ್ರ ಇವತ್ತಿಗೂ ಸುಲಭವಾಗಿ ಸಿಗುತ್ತಾರೆ. ಅಲ್ಲಿಂದ ಶುರು ಮಾಡಿ.

ಅರ್ಜೆಂಟೀನಾದಲ್ಲಿ ಮಾತ್ರ ಗ್ರೀನ್ ಲ್ಯಾಂಟರ್ನ್ ಮೈಗೆ ಬೇರೆ ಬಣ್ಣ ಹಚ್ಚಿ ರಿಡ್ಲರ್ ಅಂತ ಮಾರಿದ್ದರು. ಅದು ಈ ಸರಣಿಯ ಕೋಹಿನೂರು. ನೋಡಿ ಸಂತೋಷಪಡಿ, ಅಷ್ಟೇ.

ಸೀಕ್ರೆಟ್ ವಾರ್ಸ್: ಕಡಿಮೆ ದುಡ್ಡಿಗೆ ಮಾರ್ವೆಲ್

ಕೆನರ್ ಕೈಗೆ ಡಿಸಿ ಹೋದಾಗ ಮ್ಯಾಟೆಲ್ ಎಂಬ ಇನ್ನೊಂದು ಆಟಿಕೆ ಕಂಪನಿ ಮಾರ್ವೆಲ್ ಹಿಡಿಯಿತು. ಗೊಂಬೆಗೆ ಜೊತೆಯಾಗಿ ಒಂದು ಕಥೆ ಬೇಕಿತ್ತು. ಮಾರ್ವೆಲ್‌ನ ಪ್ರಧಾನ ಸಂಪಾದಕ ಜಿಮ್ ಶೂಟರ್ 12 ಸಂಚಿಕೆಯ ಕಾಮಿಕ್ಸ್ ಬರೆದರು. 'ಸೀಕ್ರೆಟ್', 'ವಾರ್' ಅನ್ನುವ ಪದ ಕೇಳಿದರೆ ಹುಡುಗರ ಕಿವಿ ನೆಟ್ಟಗಾಗುತ್ತದೆ ಎಂದು ಗೊಂಬೆ ಕಂಪನಿಯವರು ಕಂಡುಕೊಂಡಿದ್ದರಂತೆ, ಹೆಸರು ಹುಟ್ಟಿದ್ದು ಹಾಗೆ. 1984, 85 ಎರಡು ವರ್ಷ ನಡೆಯಿತು.

ಸೂಪರ್ ಪವರ್ಸ್ ಪಕ್ಕ ಇಟ್ಟರೆ ಸಪ್ಪೆ, ಇದನ್ನು ಮುಚ್ಚಿಡುವುದಿಲ್ಲ. ಅದುಮುವ ಆಟ ಇಲ್ಲ. ಕತ್ತು, ಎರಡು ಭುಜ, ಎರಡು ಸೊಂಟದ ಕೀಲು, ಅಷ್ಟೇ ಆಡುವುದು. ಹಲವರಿಗೆ ಒಂದೇ ಮೈ. ಅದಕ್ಕೆ ಬದಲಾಗಿ ಪ್ರತಿಯೊಬ್ಬರಿಗೂ ಒಂದು ಗುರಾಣಿ ಕೊಟ್ಟರು. ಅಲ್ಲಾಡಿಸಿದರೆ ಚಿತ್ರ ಬದಲಾಗುವ ಹಾಳೆ ಅದರಲ್ಲಿ. ಒಳ್ಳೆಯವರಿಗೆ ದುಂಡು ಗುರಾಣಿ, ಕೆಟ್ಟವರಿಗೆ ಚೌಕ. ಆ ಗೀರುಗೀರು ಹಾಳೆಯ ಚಿತ್ರ ನಮ್ಮ ಕಾಲದ ಸ್ಕೂಲ್ ಸ್ಕೇಲ್ ಮೇಲೂ ಇರುತ್ತಿತ್ತಲ್ಲ, ಓರೆ ಮಾಡಿದರೆ ಕಣ್ಣು ಮಿಟುಕಿಸುವುದು, ಅದೇ ಜಾತಿ.

ಆದರೆ ಕಲೆಹಾಕುವವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಒಳಗೆ ಕೆಡುವ ಯಂತ್ರ ಇಲ್ಲ, ಹರಿಯುವ ಎಲಾಸ್ಟಿಕ್ ಇಲ್ಲ. ಬಣ್ಣ ಚೆನ್ನಾಗಿದ್ದು ಗುರಾಣಿ ಇದ್ದರೆ ಮುಗಿಯಿತು. ಕ್ಯಾಪ್ಟನ್ ಅಮೆರಿಕ, ಐರನ್ ಮ್ಯಾನ್, ಸ್ಪೈಡರ್‌ಮ್ಯಾನ್, ಡಾಕ್ಟರ್ ಡೂಮ್ ಇವರೆಲ್ಲ ಸುಲಭಕ್ಕೆ ಸಿಗುತ್ತಾರೆ. ವುಲ್ವರಿನ್ ಮಾತ್ರ ಜೋಪಾನ. ಅವನ ಉಗುರು ಬಿಚ್ಚಿಬರುತ್ತದೆ, ಹಾಗಾಗಿ ಉಗುರಿಲ್ಲದ ವುಲ್ವರಿನ್‌ಗಳೇ ಜಾಸ್ತಿ. ಉಗುರಲ್ಲೂ ಎರಡು ಬಗೆ, ಬೆಳ್ಳಿ ಬಣ್ಣದ್ದು ಮತ್ತು ಕಪ್ಪು. ಕಪ್ಪು ಕಡಿಮೆ ಬಂದದ್ದು, ಅದಕ್ಕೆ ಬೆಲೆ ಹೆಚ್ಚು. ಬೆಳ್ಳಿಗೆ ಕಪ್ಪು ಬಳಿದು ಮಾರುವುದು ಏನು ಕಷ್ಟ? ಉಗುರಿನ ಬುಡವನ್ನು ಬೆಳಕಿನಲ್ಲಿ ತೆಗೆದ ಚಿತ್ರ ಕೇಳಿ. ಪ್ಲಾಸ್ಟಿಕ್ಕೇ ಕಪ್ಪೋ, ಮೇಲೆ ಬಳಿದದ್ದೋ ಅಲ್ಲಿ ಕಾಣುತ್ತದೆ.

ಎರಡನೇ ಕಂತಿನ ಕಪ್ಪು ಬಟ್ಟೆಯ ಸ್ಪೈಡರ್‌ಮ್ಯಾನ್ ನೋಡಲು ಬಹಳ ಚೆಂದ, ಫಾಲ್ಕನ್ ಜೊತೆಗೆ ಒಂದು ಹಕ್ಕಿ ಬರುತ್ತದೆ, ಆ ಹಕ್ಕಿ ಇಲ್ಲದೆ ಕೊಳ್ಳಬೇಡಿ. ಕೊನೆಯಲ್ಲಿ ಯುರೋಪಿನಲ್ಲಿ ಮಾತ್ರ ಮಾರಿದ ಐಸ್‌ಮ್ಯಾನ್, ಎಲೆಕ್ಟ್ರೋ, ಕನ್‌ಸ್ಟ್ರಿಕ್ಟರ್ ಈ ಮೂವರು ಸಿಗುವುದು ಕಷ್ಟ.

ಫ್ಯಾಂಟಮ್‌ಗಾಗಿ ಒಂದು ಮಾತು

ನಮ್ಮಲ್ಲಿ ಎಷ್ಟೋ ಜನರ ಮೊದಲ ಹೀರೋ ಬ್ಯಾಟ್‌ಮನ್ ಅಲ್ಲ, ಫ್ಯಾಂಟಮ್. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ರಜೆಯಲ್ಲಿ ದಿನಬಾಡಿಗೆಗೆ ತಂದು, ಮೂರು ಮನೆಯ ಮಕ್ಕಳು ಸೇರಿ ಒಂದೇ ಪುಸ್ತಕ ಓದಿ, ಬುರುಡೆ ಗುರುತಿನ ಉಂಗುರಕ್ಕೆ ಆಸೆಪಟ್ಟವರು ನಾವು. ಅಂಥವರಿಗೆ ಎರಡು ದಾರಿ ಇದೆ.

1986ರ ಸುಮಾರಿಗೆ ಗಲೂಬ್ ಕಂಪನಿ ಡಿಫೆಂಡರ್ಸ್ ಆಫ್ ದಿ ಅರ್ಥ್ ಅನ್ನುವ ಕಾರ್ಟೂನ್‌ಗೆ ಗೊಂಬೆ ಮಾಡಿತು. ಫ್ಯಾಂಟಮ್, ಮಾಂಡ್ರೇಕ್, ಲೋಥಾರ್, ಫ್ಲ್ಯಾಶ್ ಗಾರ್ಡನ್ ಎಲ್ಲರೂ ಒಂದೇ ಸರಣಿಯಲ್ಲಿ! ಬೆನ್ನ ಮೇಲಿನ ಗುಂಡಿ ಆಡಿಸಿದರೆ ಕೈ ಆಡುತ್ತದೆ. ಒಟ್ಟು ಆರೇ ಜನ. ಅಮೆರಿಕದ ಸಂಗ್ರಹಕಾರರಲ್ಲಿ ಬ್ಯಾಟ್‌ಮನ್‌ಗೆ ಇರುವಷ್ಟು ನೂಕುನುಗ್ಗಲು ಇವರಿಗಿಲ್ಲ, ಅದು ನಮಗೆ ಒಳ್ಳೆಯದೇ. ಇಂದ್ರಜಾಲ ಓದಿ ಬೆಳೆದ ಯಾರಿಗಾದರೂ ಉಡುಗೊರೆ ಕೊಡಬೇಕು ಅನ್ನಿಸಿದರೆ ನಾನು ಇದನ್ನೇ ಕೊಡುತ್ತೇನೆ.

ಇನ್ನೊಂದು ದಾರಿ ಇನ್ನೂ ಹಳೆಯದು, 1966ರಲ್ಲಿ ಐಡಿಯಲ್ ಕಂಪನಿ ತಂದ ಕ್ಯಾಪ್ಟನ್ ಆಕ್ಷನ್. ಹನ್ನೆರಡು ಇಂಚಿನ ಒಬ್ಬನೇ ನಾಯಕ, ಅವನಿಗೆ ಸೂಪರ್‌ಮ್ಯಾನ್, ಬ್ಯಾಟ್‌ಮನ್, ಫ್ಯಾಂಟಮ್ ವೇಷ ಬೇರೆ ಬೇರೆ ಪೆಟ್ಟಿಗೆಯಲ್ಲಿ. ಒಂದೊಂದು ವೇಷಕ್ಕೂ ಮುಖವಾಡ, ಬಟ್ಟೆ, ಬೂಟು, ಆಯುಧ. ಎರಡೇ ಮೂರು ವರ್ಷ ನಡೆದು ನಿಂತಿತು. ಒಂದು ವೇಷವನ್ನು ಪೂರ್ತಿ ಹೊಂದಿಸುವುದಕ್ಕೆ ವರ್ಷಗಳು ಬೇಕು, ಕೈತುಂಬ ದುಡ್ಡೂ ಬೇಕು. ಇದು ಎಲ್ಲ ಮುಗಿಸಿದ ಮೇಲೆ ಕೈ ಹಾಕುವ ವಿಷಯ.

ತೊಂಬತ್ತರ ದಶಕದ ಮಕ್ಕಳಿಗೆ ಚಿಕ್ಕದಾಗಿ ಹೇಳುತ್ತೇನೆ. ಟಾಯ್ ಬಿಜ್ ಕಂಪನಿಯ ಎಕ್ಸ್‌-ಮೆನ್ ಗೊಂಬೆಗಳು 1991ರಿಂದ ಬಂದವು, ರಾಶಿರಾಶಿ ಮಾಡಿದರು, ಜನ ಮುಂದೆ ಬೆಲೆ ಬರುತ್ತದೆ ಎಂದು ಪ್ಯಾಕ್ ಒಡೆಯದೆ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟರೆ ಯಾವುದು ತಾನೆ ಅಪರೂಪ ಆಗುತ್ತದೆ? ಪ್ರೀತಿಗೆ ಕೊಳ್ಳಿ, ಅಗ್ಗಕ್ಕೇ ಸಿಗುತ್ತವೆ. ಲಾಭಕ್ಕೆ ಬೇಡ. ನಮ್ಮಲ್ಲೇ ಮಾಡಿದ್ದು ಬೇಕು ಅನ್ನುವವರು ಫನ್‌ಸ್ಕೂಲ್‌ನ ಜಿ.ಐ. ಜೋ ನೋಡಬಹುದು. ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಶುರು ಮಾಡಿದ ಕಂಪನಿ ಅದು. ಅವರು ಸೂಪರ್‌ಹೀರೋಗಳಲ್ಲ, ಸೈನಿಕರು. ಆದರೆ ಅಮೆರಿಕದಲ್ಲಿ ಇಲ್ಲದ ಬಣ್ಣಗಳಲ್ಲಿ ಬಂದದ್ದಕ್ಕೆ ಹೊರದೇಶದವರೂ ಹುಡುಕುತ್ತಾರೆ. ಸೊಂಟದ ಒಳಗಿನ ರಬ್ಬರ್ ಬಳೆ ತುಂಡಾಗಿ ಗೊಂಬೆ ಎರಡು ಭಾಗ ಆಗಿದ್ದರೆ ಹೆದರಬೇಡಿ, ಸ್ಕ್ರೂ ಬಿಚ್ಚಿ ಹೊಸ ರಬ್ಬರ್ ಹಾಕಿದರೆ ಎದ್ದು ನಿಲ್ಲುತ್ತದೆ. ಅಟ್ಟದ ಮೇಲಿನ ಟ್ರಂಕ್ ಒಮ್ಮೆ ತೆಗೆದು ನೋಡಿ.

ಕಾರ್ಡ್ ಮೇಲಿನದೋ, ಬಿಡಿಯೋ

ಪ್ಯಾಕ್ ಒಡೆಯದ, ಕಾರ್ಡ್ ಮೇಲೇ ಇರುವ ಗೊಂಬೆಗೂ ಬಿಡಿ ಗೊಂಬೆಗೂ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸ. ಅಮೆರಿಕದಲ್ಲಿ ಎಎಫ್‌ಎ ಎಂಬ ಸಂಸ್ಥೆ ಕಾರ್ಡ್ ಸಮೇತ ಗೊಂಬೆಯನ್ನು ಪರೀಕ್ಷೆ ಮಾಡಿ, 100ಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತದೆ. ಬಹಳ ದುಡ್ಡು ಹಾಕುವವರಿಗೆ ಅದು ಒಂದು ಭದ್ರತೆ, ನಿಜ. ಆದರೆ ಆ ಬ್ಯಾಟ್‌ಮನ್‌ನ ಕಾಲು ಅದುಮಲು ಆಗುವುದಿಲ್ಲ. ನನಗೆ ಬಾಲ್ಯ ಇರುವುದು ಬೆರಳ ತುದಿಯಲ್ಲಿ. ಕಾರ್ಡ್ ಮೇಲಿನ ಗೊಂಬೆ ಬೇರೆ ಯಾರದೋ ಆಡದೇ ಹೋದ ಬಾಲ್ಯ.

ಖರ್ಚಿನ ದೃಷ್ಟಿಯಿಂದಲೂ ನೋಡಿ. ಕಾರ್ಡ್‌ಗೆ ಕೆಡುವ ಕಾರಣ ಜಾಸ್ತಿ. ಮೇಲಿನ ಪ್ಲಾಸ್ಟಿಕ್ ಗುಳ್ಳೆ ಹಳದಿಯಾಗುತ್ತದೆ, ಬಿರುಕು ಬಿಡುತ್ತದೆ, ಅಂಟು ಒಣಗಿ ಕಳಚುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ರಟ್ಟಿಗೆ ಬೂಷ್ಟು ಬರುವುದನ್ನು ತಡೆಯುವುದು ಸುಲಭ ಅಲ್ಲ. ಬಿಡಿ ಗೊಂಬೆ, ಎಲ್ಲ ಭಾಗ ಇರುವಂಥದ್ದು, ಬಣ್ಣ ಎಂಬತ್ತು ಭಾಗ ಉಳಿದಿರುವಂಥದ್ದು: ನನ್ನ ಲೆಕ್ಕದಲ್ಲಿ ಇದೇ ಸರಿಯಾದ ಜಾಗ. ಎರಡು ಸಂದರ್ಭದಲ್ಲಿ ಮಾತ್ರ ಕಾರ್ಡ್ ಕೊಳ್ಳಿ ಅನ್ನುತ್ತೇನೆ. ನೀವು ಗೋಡೆಗೆ ಹಾಕಿ ನೋಡುವವರಾಗಿದ್ದರೆ, ಅಥವಾ ಆ ಕಾರ್ಡ್‌ನ ಚಿತ್ರವೇ ನಿಮ್ಮ ನೆನಪಾಗಿದ್ದರೆ.

ಒಂದೊಂದೇ ಕೊಳ್ಳುವುದೋ, ಒಟ್ಟಿಗೆ ಒಂದು ಲಾಟ್ ಕೊಳ್ಳುವುದೋ ಅನ್ನುವುದು ಇನ್ನೊಂದು ಪ್ರಶ್ನೆ. ಯಾರೋ ಮನೆ ಖಾಲಿ ಮಾಡುವಾಗ ಡಬ್ಬಿಗಟ್ಟಲೆ ಮಾರುತ್ತಾರೆ, ಗೊಂಬೆಗೆ ಬೀಳುವ ಬೆಲೆ ಕಡಿಮೆ. ಮೀಗೋಗೆ ಲಾಟ್ ಒಳ್ಳೆಯದು, ಮೂರು ಮುರಿದವನ್ನು ಸೇರಿಸಿ ಎರಡು ಗಟ್ಟಿ ಗೊಂಬೆ ಮಾಡಬಹುದು. ಸೂಪರ್ ಪವರ್ಸ್‌ಗೆ ಲಾಟ್‌ನಲ್ಲಿ ಹೆಚ್ಚಾಗಿ ಕೇಪ್ ಇಲ್ಲದ, ಯಂತ್ರ ಕೆಟ್ಟ ಗೊಂಬೆಗಳೇ ಇರುತ್ತವೆ, ಆಮೇಲೆ ಒಂದೊಂದು ಭಾಗಕ್ಕೂ ಬೇರೆ ದುಡ್ಡು ಸುರಿಯಬೇಕು. ಕೆಲವು ಚಿಕ್ಕ ಭಾಗಕ್ಕೆ ಗೊಂಬೆಗಿಂತ ಜಾಸ್ತಿ ಬೆಲೆ. ಮೊದಲೇ ಕಂಪ್ಲೀಟ್ ಕೊಂಡರೆ ಲಾಭ.

ಬೆಲೆ ನೋಡುವಾಗ ಮಾರುವವರು ಕೇಳುತ್ತಿರುವ ಬೆಲೆಯನ್ನು ನೋಡಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು. ಈಬೇಯಲ್ಲಿ ಮಾರಾಟವಾಗಿ ಮುಗಿದವುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದರಲ್ಲಿ ಹತ್ತಾರು ಮಾರಾಟ ನೋಡಿ ನಡುವಿನ ಬೆಲೆ ಹಿಡಿಯಿರಿ. ಎರಡು ವಾರ ಸುಮ್ನೆ ನೋಡುತ್ತಾ ಇದ್ದರೂ ಕಣ್ಣು ಪಳಗುತ್ತದೆ.

ಹೊಸ ಭಾಗ ಹಾಕುವುದು ತಪ್ಪಾ?

ತಪ್ಪಲ್ಲ. ನಿಮ್ಮದೇ ಬಾಲ್ಯದ ಗೊಂಬೆಗೆ ಹೊಸದಾಗಿ ಮಾಡಿದ ಕೇಪ್ ಹಾಕಿದರೆ ಯಾರಿಗೂ ನಷ್ಟವಿಲ್ಲ. ಆದರೆ ಆ ಗೊಂಬೆಯ ಜೊತೆ ಒಂದು ಚೀಟಿ ಇಡಿ, ಯಾವ ಭಾಗ ಹೊಸದು ಎಂದು ಬರೆದು. ನಾಳೆ ಅದು ಇನ್ನೊಬ್ಬರ ಕೈಗೆ ಹೋದಾಗ ಅವರಿಗೆ ತಿಳಿಯಬೇಕು. ಕೊಳ್ಳುವಾಗ ಗುರುತು ಹಿಡಿಯಲು ಕೆಲವು ದಾರಿ ಇವೆ. ನಲವತ್ತು ವರ್ಷದ ಬಟ್ಟೆ ಮಡಿಕೆಯಲ್ಲೂ ಅಂಚಿನಲ್ಲೂ ಬೇರೆ ಬೇರೆ ರೀತಿ ಮಾಸಿರುತ್ತದೆ, ಹೊಸದು ಎಲ್ಲೆಡೆ ಒಂದೇ ಬಣ್ಣ. ಅತಿನೇರಳೆ (ಯುವಿ) ಬೆಳಕಿನ ಚಿಕ್ಕ ಟಾರ್ಚ್ ಬಿಟ್ಟರೆ ಈಗಿನ ಕಾಗದ, ನೂಲು ಹಲವು ಸಲ ಬೆಳ್ಳಗೆ ಹೊಳೆಯುತ್ತದೆ. ಅದೊಂದನ್ನೇ ನಂಬಬೇಡಿ, ಹಳೆಯ ಬಟ್ಟೆಯನ್ನು ಈಗಿನ ಸೋಪಿನ ಪುಡಿಯಲ್ಲಿ ತೊಳೆದಿದ್ದರೂ ಹೊಳೆಯುತ್ತದೆ. ಖಚಿತವಾಗಿ ಅಸಲಿ ಅಂತ ಗೊತ್ತಿರುವ ಒಂದನ್ನು ಪಕ್ಕದಲ್ಲಿಟ್ಟು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ತೊಳೆಯುವುದು, ಎತ್ತಿಡುವುದು

ಹದವಾದ ನೀರು, ಒಂದು ಹನಿ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್. ಇಷ್ಟೇ. ಸೂಪರ್ ಪವರ್ಸ್ ಗೊಂಬೆಯನ್ನು ನೀರಿನಲ್ಲಿ ಮುಳುಗಿಸಬೇಡಿ, ಒಳಗೆ ನೀರು ಹೋದರೆ ಯಂತ್ರಕ್ಕೆ ಒಳ್ಳೆಯದಲ್ಲ, ಬಟ್ಟೆ ಅದ್ದಿ ಒರೆಸಿದರೆ ಸಾಕು. ಮೀಗೋ ಬಟ್ಟೆಯ ಕೆಂಪು ಬಣ್ಣ ಬಿಡುತ್ತದೆ, ಟಿಚ್ ಬಟನ್ ತುಕ್ಕು ಹಿಡಿಯುತ್ತದೆ, ಅದನ್ನು ತೊಳೆಯದಿರುವುದೇ ಮೇಲು. ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಬೆಳ್ಳಗಾಗುತ್ತದೆ, ಆದರೆ ಹಳದಿ ಮತ್ತೆ ಬರಬಹುದು, ಬಣ್ಣವೂ ಹಾಳಾಗಬಹುದು. ನಾನು ಮಾಡುವುದಿಲ್ಲ.

ಎತ್ತಿಡುವ ವಿಷಯದಲ್ಲಿ ನಾನು ಒಂದು ಪೆಟ್ಟು ತಿಂದಿದ್ದೇನೆ. ಮೆತ್ತನೆಯ ಪಿವಿಸಿ ಚೀಲದಲ್ಲಿ, ಆ ಹೊಸ ಬೆಡ್‌ಶೀಟ್‌ಗೆ ಬರುತ್ತದಲ್ಲ ಅಂಥದ್ದು, ಎರಡು ಗೊಂಬೆ ಹಾಕಿ ಬೀರುವಿನಲ್ಲಿಟ್ಟೆ. ಎರಡು ಬೇಸಿಗೆ ಕಳೆದು ತೆಗೆದಾಗ ಮೈ ಅಂಟಂಟು, ಒಂದರ ಎದೆಯ ಬಣ್ಣ ಚೀಲಕ್ಕೆ ಹತ್ತಿತ್ತು. ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ಇರುತ್ತದೆ, ಸೆಕೆಗೆ ಅದು ಹೊರಬಂದು ಮುಟ್ಟಿದ್ದನ್ನೆಲ್ಲ ಕರಗಿಸುತ್ತದೆ. ಮೆತ್ತನೆಯ ರಬ್ಬರ್ ಬೂಟು ಗಟ್ಟಿ ಮೈಗೆ ತಾಗಿ ವರ್ಷಗಟ್ಟಲೆ ಇದ್ದರೂ ಇದೇ ಗತಿ. ಅಜ್ಜಿ ತಮ್ಮ ಗೊಂಬೆಗಳನ್ನು ಹಳೇ ಪಂಚೆ ಹರಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ ಟ್ರಂಕಿಗೆ ಹಾಕುತ್ತಿದ್ದರು. ಈಗ ನಾನೂ ಅದನ್ನೇ ಮಾಡುತ್ತೇನೆ. ಚಿಕ್ಕ ಭಾಗಗಳಿಗೆ ಜಿಪ್ ಇರುವ ಗಟ್ಟಿ ಪಾಲಿಥಿನ್ ಚೀಲ, ಅದರ ಮೇಲೆ ಹೆಸರು. ಟ್ರಂಕಿನ ಮೂಲೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಕಪಾಟಿನಲ್ಲಿ ನಿಲ್ಲಿಸುವುದಾದರೆ ಬಿಸಿಲು ಬೀಳದ ಗೋಡೆ ಆರಿಸಿ.

ತರಿಸುವುದು ಹೇಗೆ

ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಅದರ ಮೇಲೆ ಸಾಗಣೆ ಖರ್ಚು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ ಮಾಡುವ ನಿಯಮವೂ ಬಂದಿದೆ, ನಲವತ್ತು ವರ್ಷದ ಗೊಂಬೆಗೆ ಆ ಗುರುತು ಎಲ್ಲಿಂದ ಬರಬೇಕು? ಹಾಗಾಗಿ ಕೊಳ್ಳುವ ಮುಂಚೆ ಗೊಂಬೆಯ ಬೆಲೆಯ ಪಕ್ಕದಲ್ಲಿ ಈ ಲೆಕ್ಕವನ್ನೂ ಬರೆದುಕೊಳ್ಳಿ, ಪಾರ್ಸೆಲ್ ತಡೆದು ನಿಲ್ಲಿಸಿದರೆ ಏನು ಮಾಡುವುದು ಎಂದೂ ಯೋಚಿಸಿ. ಅಮೆರಿಕದಲ್ಲಿ ನೆಂಟರೋ ಗೆಳೆಯರೋ ಇದ್ದರೆ ಅವರ ವಿಳಾಸಕ್ಕೆ ತರಿಸಿ, ಅವರು ಬಿಚ್ಚಿ ನೋಡಿ ಚಿತ್ರ ಕಳಿಸಲಿ. ಸರಿಯಿಲ್ಲದಿದ್ದರೆ ಅಲ್ಲಿಂದಲೇ ವಾಪಸ್ ಮಾಡಬಹುದು, ಇಲ್ಲಿಂದ ವಾಪಸ್ ಕಳಿಸುವುದು ಆಗದ ಮಾತು. ಅಲ್ಲೇ ಇರುವ ಕನ್ನಡಿಗರಿಗಂತೂ ಇದು ಸುವರ್ಣ ಅವಕಾಶ, ಭಾನುವಾರದ ಹಳೇ ಸಾಮಾನಿನ ಸಂತೆಗೆ ಹೋಗಿ ಕೈಯಲ್ಲಿ ಹಿಡಿದು, ಕಾಲು ಅದುಮಿ ನೋಡಿ ಕೊಳ್ಳಬಹುದು.

ನನ್ನ ರಾಬಿನ್‌ನ ಕೇಪ್ ಬಂದಿದ್ದು ಹಾಗೇ. ಅದೇ ಮಾವನ ಮಗಳು ಅಲ್ಲಿಂದ ಬರುವಾಗ ಖಾಲಿ ಮಾತ್ರೆ ಡಬ್ಬಿಯಲ್ಲಿ ಮಡಚಿ ತಂದಳು. ಒಂದು ತುದಿಯಲ್ಲಿ ನೂಲು ಬಿಟ್ಟಿದೆ, ಹಳದಿ ಸ್ವಲ್ಪ ಮಾಸಿದೆ. ಕತ್ತಿನ ಹತ್ತಿರ ಟಕ್ ಅಂತ ಕೂತಿತು.